ಲಿನಕ್ಸ್ ಕರ್ನಲ್‌ನಲ್ಲಿ ಡಿವೈಸ್ ಪವರ್ ಮತ್ತು ಇಂಟರಪ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಬಳಸುವವರು, ಬೋರ್ಡ್‌ಗಳಿಗೆ ಡ್ರೈವರ್ ಬರೆಯುವವರು, ಈಗಷ್ಟೇ ಕರ್ನಲ್ ಕೋಡ್ ಓದಲು ಶುರುಮಾಡಿದ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಅಂದಲ್ಲೆಲ್ಲ ಲಿನಕ್ಸ್ ಕರ್ನಲ್ ಎಂದೇ ತಿಳಿಯಿರಿ. ಡ್ರೈವರ್ ಅಂದರೆ ಒಂದು ಡಿವೈಸನ್ನು ನಡೆಸುವ ಕೋಡ್.

## ಬುನಾದಿ

ಇಂಟರಪ್ಟ್ ಯಾಕೆ ಬೇಕು? ಸಿಪಿಯು ತಾನೇ ಆಗಾಗ ಹೋಗಿ ಡಿವೈಸನ್ನು ಕೇಳಬಹುದಲ್ವಾ?

ಕೇಳಬಹುದು. ಇಂಟರಪ್ಟ್ ಅಂದರೆ ಡಿವೈಸೇ ಸಿಗ್ನಲ್ ಕೊಟ್ಟು ಸಿಪಿಯುವನ್ನು ಕರೆಯುವುದು; ಸಿಪಿಯು ತಾನೇ ಹೋಗಿ ಕೇಳುವುದಕ್ಕೆ ಪೋಲಿಂಗ್ ಅಂತಾರೆ. ಆದರೆ ಕೀಬೋರ್ಡನ್ನು ಪೋಲ್ ಮಾಡುತ್ತಾ ಕೂತ ಸಿಪಿಯು ಮಲಗುವ ಹಾಗೇ ಇಲ್ಲ. 2 ಗಿಗಾಹರ್ಟ್ಸ್ ಸಿಪಿಯುಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ 20 ಕೋಟಿ ಸೈಕಲ್ ಸಿಗುತ್ತವೆ. ಎಷ್ಟೇ ಬೇಗ ಟೈಪ್ ಮಾಡಿದರೂ ಎರಡು ಕೀಗಳ ನಡುವೆ ಸುಮಾರು ಅಷ್ಟು ಹೊತ್ತು ಹೋಗುತ್ತದೆ. ಅಷ್ಟನ್ನೂ "ಕೀ ಬಂತಾ, ಕೀ ಬಂತಾ" ಅಂತ ಕೇಳುವುದರಲ್ಲೇ ಕಳೆದರೆ ಬ್ಯಾಟರಿ ಉಳಿಯುವುದಿಲ್ಲ.

ಇಂಟರಪ್ಟ್ ಇರುವುದರಿಂದ ಕರ್ನಲ್ ನಿಶ್ಚಿಂತೆಯಿಂದ ಸಿಪಿಯುವನ್ನು ಐಡಲ್‌ಗೆ (ಕೆಲಸವಿಲ್ಲದಾಗಿನ ನಿದ್ದೆಗೆ) ಕಳಿಸುತ್ತದೆ. ಎಕ್ಸ್86ನಲ್ಲಿ ಅದಕ್ಕೆ ಎಚ್‌ಎಲ್‌ಟಿ ಅಥವಾ ಎಂವೇಟ್ ಇನ್‌ಸ್ಟ್ರಕ್ಷನ್ ಇದೆ, ಆರ್ಮ್‌ನಲ್ಲಿ ಡಬ್ಲ್ಯುಎಫ್‌ಐ ಇದೆ. ಇಂಟರಪ್ಟ್ ಬಂದ ಕೂಡಲೇ ಸಿಪಿಯು ಎಚ್ಚರವಾಗುತ್ತದೆ.

ಹಾಗಂತ ಪೋಲಿಂಗ್ ಕೆಟ್ಟದ್ದು ಅಂತಲ್ಲ. ನೆಟ್‌ವರ್ಕ್ ಕಾರ್ಡಿಗೆ ಪ್ಯಾಕೆಟ್‌ಗಳು ಧಾರಾಕಾರ ಬರುತ್ತಿರುವಾಗ ಒಂದೊಂದಕ್ಕೂ ಇಂಟರಪ್ಟ್ ತಗೊಂಡರೆ ಸಿಪಿಯುಗೆ ಬೇರೆ ಕೆಲಸವೇ ಆಗುವುದಿಲ್ಲ. ಅದಕ್ಕೇ ನಾಪಿ ಎಂಬ ವ್ಯವಸ್ಥೆ ಇದೆ. ಮೊದಲ ಪ್ಯಾಕೆಟ್‌ಗೆ ಇಂಟರಪ್ಟ್ ಬರುತ್ತದೆ. ಡ್ರೈವರ್ ಇಂಟರಪ್ಟನ್ನು ಮುಚ್ಚಿ, ಒಂದು ಸಲಕ್ಕೆ ಸಾಮಾನ್ಯವಾಗಿ 64ರವರೆಗೆ ಪ್ಯಾಕೆಟ್‌ಗಳನ್ನು ಪೋಲ್ ಮಾಡಿ ಎತ್ತಿಕೊಳ್ಳುತ್ತದೆ. ಕ್ಯೂ ಖಾಲಿಯಾದ ಮೇಲೆ ಇಂಟರಪ್ಟನ್ನು ಮತ್ತೆ ತೆರೆಯುತ್ತದೆ.

ಪವರ್ ಮ್ಯಾನೇಜ್‌ಮೆಂಟ್ ಒಂದು ವಿಷಯ, ಇಂಟರಪ್ಟ್ ಇನ್ನೊಂದು ವಿಷಯ. ಎರಡನ್ನೂ ಒಟ್ಟಿಗೆ ಯಾಕೆ ಕಲಿಯಬೇಕು?

ಬೇರೆ ಬೇರೆ ಕಲಿತವರ ಡ್ರೈವರ್‌ಗಳು ಎರಡೂ ಸೇರುವ ಜಾಗದಲ್ಲೇ ಒಡೆಯುತ್ತವೆ. ಅದಕ್ಕೆ.

ಡಿವೈಸಿಗೆ ಕರೆಂಟ್ ಇರುವವರೆಗೆ ಅದು ಯಾವ ಕ್ಷಣದಲ್ಲಾದರೂ ಇಂಟರಪ್ಟ್ ಕೊಡಬಹುದು. ಇಂಟರಪ್ಟ್ ಬಂದರೆ ಹ್ಯಾಂಡ್ಲರ್, ಅಂದರೆ ಅದಕ್ಕೆಂದೇ ಡ್ರೈವರಿನಲ್ಲಿ ಬರೆದಿಟ್ಟ ಫಂಕ್ಷನ್, ಓಡುತ್ತದೆ. ಹ್ಯಾಂಡ್ಲರ್ ಮಾಡುವ ಮೊದಲ ಕೆಲಸವೇ ಡಿವೈಸಿನ ಸ್ಟೇಟಸ್ ರಿಜಿಸ್ಟರ್ (ಡಿವೈಸ್ ತನ್ನ ಸ್ಥಿತಿಯನ್ನು ತೋರಿಸುವ ಪುಟ್ಟ ಜಾಗ) ಓದುವುದು. ಅದೇ ಹೊತ್ತಿಗೆ ಇನ್ನೊಂದು ಸಿಪಿಯು ಮೇಲೆ ಓಡುತ್ತಿರುವ ಪವರ್ ಕೋಡ್ ಆ ಡಿವೈಸಿನ ಕ್ಲಾಕನ್ನು (ಡಿವೈಸನ್ನು ನಡೆಸುವ ತಾಳದ ಸಿಗ್ನಲನ್ನು) ನಿಲ್ಲಿಸಿದ್ದರೆ, ಓದುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಪಿಸಿಐ ಎಂಬ ಬಸ್ಸಿಗೆ (ಸಿಪಿಯು ಮತ್ತು ಡಿವೈಸುಗಳ ನಡುವಿನ ದಾರಿಗೆ) ಸೇರಿದ ಡಿವೈಸಾದರೆ ಕಸ ಸಿಗುತ್ತದೆ. ಎಷ್ಟೋ ಆರ್ಮ್ ಚಿಪ್‌ಗಳಲ್ಲಿ ಬಸ್ಸೇ ನಿಂತುಹೋಗುತ್ತದೆ, ಇಲ್ಲವೇ ಅಬಾರ್ಟ್ ಆಗಿ ಕರ್ನಲ್ ಬೀಳುತ್ತದೆ.

ಆದ್ದರಿಂದ ಪವರ್ ಕಡಿಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲೇಬೇಕು: ಇನ್ನು ಮುಂದೆ ಈ ಡಿವೈಸಿನ ಇಂಟರಪ್ಟ್ ಬಂದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ಕೆಲವು ಡಿವೈಸಿಗೆ ಉತ್ತರ "ಯಾರೂ ಬೇಡ, ಬರದ ಹಾಗೆ ಮುಚ್ಚಿದ್ದೇನೆ". ಕೆಲವಕ್ಕೆ "ಪವರ್ ಕೋರ್ (ಕರ್ನಲ್‌ನಲ್ಲಿ ಪವರ್ ನೋಡುವ ಭಾಗ) ನೋಡಿಕೊಂಡು ಯಂತ್ರವನ್ನು ಎಬ್ಬಿಸುತ್ತದೆ". ತೀರಾ ಕೆಲವಕ್ಕೆ ಮಾತ್ರ "ಹ್ಯಾಂಡ್ಲರೇ, ಯಾವಾಗಲೂ". ಕೆಳಗಿನ ಮುಕ್ಕಾಲು ಪಾಲು ಪ್ರಶ್ನೆಗಳ ಬೇರು ಇದೇ ಜಾಗದಲ್ಲಿದೆ.

ಎಸ್3, ಎಸ್4, ಡಿ3, ಸಿ6... ಈ ಅಕ್ಷರಗಳೆಲ್ಲ ಏನು?

ಇವು ಯಂತ್ರದ ಪವರ್ ಸ್ಥಿತಿಗಳನ್ನು ಹೇಳುವ ಎಸಿಪಿಐ ಎಂಬ ಮಾನದಂಡದ ಹೆಸರುಗಳು. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸೇರಿ 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿ ತಂದವು. ಎಸ್ ಅಂದರೆ ಇಡೀ ಯಂತ್ರದ ಸ್ಥಿತಿ. ಎಸ್0 ಎಚ್ಚರ, ಎಸ್3ರಲ್ಲಿ ಮೆಮೊರಿಗೆ ಮಾತ್ರ ಕರೆಂಟ್, ಎಸ್4 ಹೈಬರ್ನೇಟ್ (ಮೆಮೊರಿಯನ್ನು ಡಿಸ್ಕಿಗೆ ಬರೆದು ಆಫ್), ಎಸ್5 ಪೂರ್ತಿ ಆಫ್. ಡಿ ಅಂದರೆ ಒಂದೊಂದು ಡಿವೈಸಿನ ಸ್ಥಿತಿ, ಡಿ0ಯಿಂದ ಡಿ3ರವರೆಗೆ. ಡಿ3ರಲ್ಲಿ ಹಾಟ್ ಮತ್ತು ಕೋಲ್ಡ್ ಅಂತ ಎರಡು ಬಗೆ. ಹಾಟ್‌ನಲ್ಲಿ ಕರೆಂಟ್ ಇನ್ನೂ ಇರುತ್ತದೆ, ಕೋಲ್ಡ್‌ನಲ್ಲಿ ಅದೂ ಇಲ್ಲ. ಸಿ ಅಂದರೆ ಸಿಪಿಯು ಐಡಲ್ ಆಳ. ಆರ್ಮ್ ಬೋರ್ಡುಗಳಲ್ಲಿ ಹೆಚ್ಚಾಗಿ ಎಸಿಪಿಐ ಇರುವುದಿಲ್ಲ. ಅಲ್ಲಿ ಡಿವೈಸ್ ಟ್ರೀ (ಬೋರ್ಡಿನ ಡಿವೈಸುಗಳ ವಿವರಪಟ್ಟಿ), ಕ್ಲಾಕ್, ರೆಗ್ಯುಲೇಟರ್ (ವೋಲ್ಟೇಜ್ ಕೊಡುವ ಭಾಗ), ಪವರ್ ಡೊಮೇನ್ (ಒಟ್ಟಿಗೆ ಆನ್, ಆಫ್ ಆಗುವ ಗುಂಪು) ಎಂಬ ಭಾಷೆಯಲ್ಲಿ ಮಾತಾಡುತ್ತಾರೆ.

ಏನೂ ಕೆಲಸ ಇಲ್ಲದ ಯಂತ್ರದಲ್ಲೂ ಟೈಮರ್ ಇಂಟರಪ್ಟ್ ಬರ್ತಾನೇ ಇರುತ್ತಾ?

ಹಿಂದೆ ಹಾಗೇ ಇತ್ತು. ಕರ್ನಲ್ ಸೆಕೆಂಡಿಗೆ 100, 250 ಅಥವಾ 1000 ಸಲ ಟಿಕ್ ಇಂಟರಪ್ಟ್ ತಗೊಳ್ಳುತ್ತಿತ್ತು, ಕೆಲಸ ಇರಲಿ ಬಿಡಲಿ. 2007ರಲ್ಲಿ ಬಂದ 2.6.21 ಆವೃತ್ತಿಯಿಂದ ಎಕ್ಸ್86ನಲ್ಲಿ ಟಿಕ್ ಇಲ್ಲದ ಐಡಲ್ ಶುರುವಾಯಿತು. ಸಿಪಿಯು ಐಡಲ್ ಆಗುವಾಗ ಮುಂದಿನ ಟೈಮರ್ ಯಾವಾಗ ಇದೆ ಎಂದು ನೋಡಿ, ಅಲ್ಲಿಯವರೆಗೆ ಟಿಕ್ ನಿಲ್ಲಿಸುತ್ತದೆ.

ಅದೇ ವರ್ಷ ಇಂಟೆಲ್ ಪವರ್‌ಟಾಪ್ ಎಂಬ ಸಾಧನ ಬಿಟ್ಟಿತು. ಸುಮ್ಮನೆ ಸಿಪಿಯುವನ್ನು ಎಬ್ಬಿಸುತ್ತಿದ್ದ ಎಷ್ಟೋ ಪ್ರೋಗ್ರಾಂಗಳು ಆಗ ಸಿಕ್ಕಿಬಿದ್ದವು. ಇವತ್ತಿಗೂ ಬ್ಯಾಟರಿ ಬೇಗ ಹೋಗುತ್ತಿದ್ದರೆ ನಾನು ಮೊದಲು ತೆರೆಯುವುದು ಪವರ್‌ಟಾಪನ್ನೇ.

## ಬಳಸುವವರು ಕೇಳುವುದು

ಲ್ಯಾಪ್‌ಟಾಪ್ ಸಸ್ಪೆಂಡ್ ಮಾಡಿದ ಕೂಡಲೇ ತಾನಾಗೇ ಎದ್ದುಬಿಡುತ್ತೆ. ಎಬ್ಬಿಸ್ತಿರೋದು ಯಾರು ಅಂತ ಹೇಗೆ ಹಿಡಿಯೋದು?

ಮೊದಲು ಕರ್ನಲ್ ಲಾಗ್ ನೋಡಿ. ಯಂತ್ರ ನಿಜವಾಗಿ ಮಲಗಿ ಎದ್ದಿತೋ, ಮಲಗುವ ಮುನ್ನವೇ ಯಾವುದೋ ಡ್ರೈವರ್ ಎರರ್ ಕೊಟ್ಟು ವಾಪಸ್ ಬಂತೋ ಎಂಬುದನ್ನು ಬೇರೆ ಮಾಡಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ನಿಜವಾಗಿ ಎದ್ದಿದ್ದರೆ, ನಿಮ್ಮ ಕರ್ನಲ್‌ನಲ್ಲಿ /ಸಿಸ್/ಪವರ್/ಪಿಎಂ_ವೇಕಪ್_ಐಆರ್‌ಕ್ಯೂ ಫೈಲ್ ಇದೆಯಾ ನೋಡಿ. ಎಬ್ಬಿಸಿದ ಇಂಟರಪ್ಟ್ ನಂಬರ್ ಅದರಲ್ಲಿ ಸಿಗುತ್ತದೆ. ಆ ನಂಬರನ್ನು /ಪ್ರೊಕ್/ಇಂಟರಪ್ಟ್ಸ್ ಜೊತೆ ಹೋಲಿಸಿದರೆ ಡಿವೈಸಿನ ಹೆಸರು ಗೊತ್ತಾಗುತ್ತದೆ. ಎಸಿಪಿಐ ಯಂತ್ರಗಳಲ್ಲಿ /ಪ್ರೊಕ್/ಎಸಿಪಿಐ/ವೇಕಪ್ ಕೂಡ ನೋಡಿ. ಯಾರಿಗೆಲ್ಲ ಎಬ್ಬಿಸುವ ಹಕ್ಕಿದೆ ಅನ್ನೋ ಪಟ್ಟಿ ಅಲ್ಲಿದೆ.

ಬಹಳ ಸಲ ಸಿಗುವುದು ಯುಎಸ್‌ಬಿ ಮೌಸ್ ಅಥವಾ ಅದರ ಕಂಟ್ರೋಲರ್. ಟೇಬಲ್ ಸ್ವಲ್ಪ ಅಲುಗಿದರೂ ಸಾಕು. ಆ ಡಿವೈಸಿನ ಪವರ್ ಫೋಲ್ಡರಿನಲ್ಲಿರುವ ವೇಕಪ್ ಫೈಲಿಗೆ "ಡಿಸೇಬಲ್ಡ್" ಎಂದು ಬರೆದರೆ ಎಬ್ಬಿಸುವುದು ನಿಲ್ಲುತ್ತದೆ. ರೀಬೂಟ್ ಆದರೆ ಇದು ಅಳಿಸಿಹೋಗುತ್ತದೆ, ಹಾಗಾಗಿ ಯೂಡೆವ್ ರೂಲ್ (ಡಿವೈಸ್ ಕಂಡಾಗಲೆಲ್ಲ ತಾನಾಗೇ ಅನ್ವಯವಾಗುವ ಸೆಟ್ಟಿಂಗ್) ಬರೆದಿಡುವುದು ಒಳ್ಳೆಯದು.

ಮುಚ್ಚಿ ಬ್ಯಾಗಿನಲ್ಲಿಟ್ಟ ಲ್ಯಾಪ್‌ಟಾಪ್ ಹೊರಗೆ ತೆಗೆದಾಗ ಬಿಸಿಯಾಗಿರುತ್ತೆ, ಬ್ಯಾಟರಿ ಅರ್ಧ ಖಾಲಿ. ಸಸ್ಪೆಂಡ್ ಆಗಿದೆ ಅಂತಾನೇ ತೋರಿಸುತ್ತೆ. ಏನಾಗ್ತಿದೆ?

/ಸಿಸ್/ಪವರ್/ಮೆಮ್_ಸ್ಲೀಪ್ ಫೈಲ್ ತೆರೆದು ನೋಡಿ. "ಡೀಪ್" ಸುತ್ತ ಬ್ರ್ಯಾಕೆಟ್ ಇದ್ದರೆ ನಿಮ್ಮದು ಎಸ್3. "ಎಸ್2ಐಡಲ್" ಸುತ್ತ ಇದ್ದರೆ ನಿಮ್ಮ ಯಂತ್ರ ನಿಜವಾಗಿ ಎಸ್0ಯಲ್ಲೇ ಇದೆ. ಪ್ರೋಗ್ರಾಂಗಳನ್ನು ನಿಲ್ಲಿಸಿ, ಡಿವೈಸುಗಳನ್ನು ಮಲಗಿಸಿ, ಸಿಪಿಯುಗಳನ್ನು ಆಳವಾದ ಐಡಲ್‌ಗೆ ಬಿಟ್ಟಿರುತ್ತದೆ, ಅಷ್ಟೇ.

ಎಸ್3ರಲ್ಲಿ ಫರ್ಮ್‌ವೇರ್ (ಬೋರ್ಡಿನೊಳಗೇ ಇರುವ ಸಾಫ್ಟ್‌ವೇರ್) ಒಂದೇ ಏಟಿಗೆ ಬಹುತೇಕ ಎಲ್ಲರ ಕರೆಂಟ್ ಕಡಿಯುತ್ತದೆ. ಎಸ್2ಐಡಲ್‌ನಲ್ಲಿ ಅಂಥ ಯಜಮಾನ ಇಲ್ಲ. ಚಿಪ್ ತನ್ನ ಅತಿ ಕಡಿಮೆ ಪವರ್ ಸ್ಥಿತಿಗೆ ಇಳಿಯಬೇಕಾದರೆ ಅದಕ್ಕೆ ಬೇಕಾದ ಎಲ್ಲ ಡಿವೈಸುಗಳೂ ತಮ್ಮ ಪಾಲಿನ ನಿದ್ದೆಗೆ ಇಳಿದಿರಬೇಕು. ಒಂದು ಎಸ್‌ಎಸ್‌ಡಿ, ಒಂದು ಕಾರ್ಡ್ ರೀಡರ್ ಎದ್ದೇ ಇದ್ದರೂ ಇಡೀ ಚಿಪ್ ಮೇಲೇ ಉಳಿಯುತ್ತದೆ. ಸ್ಕ್ರೀನ್ ಕಪ್ಪಾಗಿರುತ್ತದೆ, ಬ್ಯಾಟರಿ ಹರಿಯುತ್ತಿರುತ್ತದೆ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಆಯ್ಕೆಯೇ ಇಲ್ಲ. ಇದು ಬಳಸುವವರಿಗೆ ನಷ್ಟ ಎಂದೇ ನನ್ನ ಅನಿಸಿಕೆ. ಆಯ್ಕೆ ಇದ್ದರೆ ಡೀಪ್ ಹಾಕಿ ನೋಡಿ. ಇಲ್ಲದಿದ್ದರೆ ಯಾವ ಡಿವೈಸ್ ಮಲಗುತ್ತಿಲ್ಲ ಎಂದು ಒಂದೊಂದಾಗಿ ಹುಡುಕಬೇಕು, ಬೇರೆ ದಾರಿ ಇಲ್ಲ. ದೂರದ ಪ್ರಯಾಣಕ್ಕೆ ಹೈಬರ್ನೇಟ್ ಮಾಡುವುದು ಸುರಕ್ಷಿತ.

"ಐಆರ್‌ಕ್ಯೂ 16: ನೋಬಡಿ ಕೇರ್ಡ್" ಅಂತ ಬಂದು ಟಚ್‌ಪ್ಯಾಡ್ ಸತ್ತೋಯ್ತು. ಏನಿದು?

ಹಳೆಯ ವಠಾರದಲ್ಲಿ ಎಲ್ಲ ಮನೆಗೂ ಸೇರಿ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ, ಕೆಲವು ಡಿವೈಸುಗಳು ಒಂದೇ ಇಂಟರಪ್ಟ್ ಲೈನ್ (ಐಆರ್‌ಕ್ಯೂ) ಹಂಚಿಕೊಳ್ಳುತ್ತವೆ. ಬೆಲ್ ಆದಾಗ ಕರ್ನಲ್ ಆ ಲೈನಿನ ಪ್ರತಿ ಹ್ಯಾಂಡ್ಲರನ್ನೂ ಕರೆಯುತ್ತದೆ. "ನನ್ನದು" ಅಂದರೆ ಹ್ಯಾಂಡ್ಲರ್ ಐಆರ್‌ಕ್ಯೂ_ಹ್ಯಾಂಡಲ್ಡ್ ಎಂದು, "ನನ್ನದಲ್ಲ" ಅಂದರೆ ಐಆರ್‌ಕ್ಯೂ_ನನ್ ಎಂದು ವಾಪಸ್ ಕೊಡುತ್ತದೆ. ಯಾರೂ ಒಪ್ಪಿಕೊಳ್ಳದಿದ್ದರೆ ಲೆವೆಲ್ ಇಂಟರಪ್ಟ್ (ಡಿವೈಸ್ ಇಳಿಸುವವರೆಗೆ ಎದ್ದೇ ಇರುವ ಸಿಗ್ನಲ್) ಹಾಗೇ ಎದ್ದು ನಿಂತಿರುತ್ತದೆ. ಹ್ಯಾಂಡ್ಲರ್ ಮುಗಿದ ಕ್ಷಣವೇ ಮತ್ತೆ ಬರುತ್ತದೆ. ಸಿಪಿಯು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹೀಗಾಗದಿರಲಿ ಎಂದು ಕರ್ನಲ್ ಲೆಕ್ಕ ಇಡುತ್ತದೆ. ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಜಾಸ್ತಿ ಯಾರೂ ಒಪ್ಪದೇ ಹೋದರೆ ಆ ಲೈನನ್ನೇ ಮುಚ್ಚಿಬಿಡುತ್ತದೆ. ಆ ಲೈನಿನಲ್ಲಿದ್ದ ನಿರಪರಾಧಿ ಡಿವೈಸುಗಳೂ ಜೊತೆಗೆ ನಿಲ್ಲುತ್ತವೆ. ನಿಮ್ಮ ಟಚ್‌ಪ್ಯಾಡ್ ಹೀಗೇ ನಿಂತಿರಬಹುದು.

ಇದು ರೆಸ್ಯೂಮ್ ಆದ (ಯಂತ್ರ ಮಲಗಿ ಎದ್ದ) ಮೇಲೆಯೇ ಬಂದರೆ, ಪಕ್ಕದ ಡಿವೈಸ್ ತನ್ನ ಡ್ರೈವರ್ ಎದ್ದೇಳುವ ಮುನ್ನವೇ ಲೈನನ್ನು ಎತ್ತಿ ಹಿಡಿದಿದೆಯೇ ಎಂದು ಮೊದಲು ಅನುಮಾನಿಸಿ. ಸಂದೇಶದ ಕೆಳಗೆ ಹ್ಯಾಂಡ್ಲರ್‌ಗಳ ಪಟ್ಟಿ ಇರುತ್ತದೆ. ಬಗ್ ವರದಿ ಮಾಡುವಾಗ ಅದನ್ನು ಬಿಡದೆ ಸೇರಿಸಿ. ಐಆರ್‌ಕ್ಯೂಪೋಲ್ ಎಂಬ ಬೂಟ್ ಆಯ್ಕೆ ತಾತ್ಕಾಲಿಕವಾಗಿ ಕೆಲಸ ನಡೆಸುತ್ತದೆ, ರೋಗ ವಾಸಿ ಮಾಡುವುದಿಲ್ಲ.

ಯುಎಸ್‌ಬಿ ಮೌಸ್ ಸ್ವಲ್ಪ ಹೊತ್ತು ಬಿಟ್ಟರೆ ಆಮೇಲೆ ಅಲ್ಲಾಡಿಸಿದ್ರೂ ಏಳಲ್ಲ, ಕ್ಲಿಕ್ ಮಾಡಬೇಕು. ಹಾಳಾಗಿದ್ಯಾ?

ಹಾಳಾಗಿಲ್ಲ. ಆಟೋಸಸ್ಪೆಂಡ್ (ಸುಮ್ಮನಿದ್ದ ಡಿವೈಸನ್ನು ತಾನಾಗೇ ಮಲಗಿಸುವ ವ್ಯವಸ್ಥೆ) ಆಗಿ ಮಲಗಿದೆ. ಕೆಲವು ಮೌಸ್‌ಗಳು ಮಲಗಿದ್ದಾಗ ಚಲನೆಯನ್ನು ಗಮನಿಸುವುದಿಲ್ಲ, ಬಟನ್ ಒತ್ತಿದರೆ ಮಾತ್ರ ಎಬ್ಬಿಸುವ ಸಿಗ್ನಲ್ ಕಳಿಸುತ್ತವೆ. ಹಬ್‌ಗಳನ್ನು ಬಿಟ್ಟರೆ ಹೆಚ್ಚಿನ ಯುಎಸ್‌ಬಿ ಡಿವೈಸುಗಳಿಗೆ ಕರ್ನಲ್ ತಾನಾಗಿ ಇದನ್ನು ಆನ್ ಮಾಡುವುದಿಲ್ಲ. ಬ್ಯಾಟರಿ ಉಳಿಸುವ ಯಾವುದೋ ಸಾಧನ ಮಾಡಿರುತ್ತದೆ. ಆ ಡಿವೈಸಿನ ಪವರ್/ಕಂಟ್ರೋಲ್ ಫೈಲಿಗೆ "ಆಟೋ" ಬದಲು "ಆನ್" ಬರೆಯಿರಿ.

## ಡ್ರೈವರ್ ಬರೆಯುವವರು ಕೇಳುವುದು

ಸಸ್ಪೆಂಡ್ ಅಂದ್ರೆ ಒಂದು ಫಂಕ್ಷನ್ ಸಾಕಲ್ವಾ? ಪ್ರಿಪೇರ್, ಸಸ್ಪೆಂಡ್, ಲೇಟ್, ನೋಐಆರ್‌ಕ್ಯೂ ಅಂತ ಇಷ್ಟೊಂದು ಹಂತ ಯಾಕೆ?

ಒಂದೊಂದು ಹಂತದಲ್ಲೂ ಡ್ರೈವರ್ ನಂಬಬಹುದಾದ ಮಾತು ಬೇರೆ. ಅದಕ್ಕಾಗಿ ಇಷ್ಟು ಹಂತ.

ಮೊದಲು ಕರ್ನಲ್ ಬಳಕೆದಾರರ ಪ್ರೋಗ್ರಾಂಗಳನ್ನು ಫ್ರೀಜ್ ಮಾಡುತ್ತದೆ. ಇದಕ್ಕೆ ಡೀಫಾಲ್ಟ್ ಗಡುವು 20 ಸೆಕೆಂಡ್. ಅಷ್ಟರಲ್ಲಿ ಫ್ರೀಜ್ ಆಗದ ಪ್ರೋಗ್ರಾಂ ಇದ್ದರೆ ಸಸ್ಪೆಂಡೇ ರದ್ದು. ಆಮೇಲೆ ಪ್ರಿಪೇರ್. ಆ ಮೇಲೆ ಸಸ್ಪೆಂಡ್ ಹಂತ. ಇಲ್ಲಿ ಇಂಟರಪ್ಟ್‌ಗಳು ಬರುತ್ತವೆ, ಹ್ಯಾಂಡ್ಲರ್ ಓಡುತ್ತದೆ, ರನ್‌ಟೈಮ್ ಪಿಎಂ (ಕೆಲಸವಿಲ್ಲದ ಡಿವೈಸನ್ನಷ್ಟೇ ಮಲಗಿಸಿ ಎಬ್ಬಿಸುವ ವ್ಯವಸ್ಥೆ) ಇನ್ನೂ ಕೆಲಸ ಮಾಡುತ್ತದೆ. ಡಿವೈಸಿಗೆ ಕೊಟ್ಟ ಕೆಲಸ ಮುಗಿಸಿಕೊಳ್ಳಲು, ಡಿಎಂಎ (ಸಿಪಿಯು ಇಲ್ಲದೆ ಡಿವೈಸೇ ಮೆಮೊರಿ ಓದುವುದು, ಬರೆಯುವುದು) ನಿಲ್ಲಿಸಲು ಸರಿಯಾದ ಜಾಗ ಇದೇ.

ಲೇಟ್ ಹಂತಕ್ಕೆ ಬರುವಾಗ ಪವರ್ ಕೋರ್ ಆ ಡಿವೈಸಿನ ರನ್‌ಟೈಮ್ ಪಿಎಂ ಮುಚ್ಚಿರುತ್ತದೆ. ಮಲಗಿದ ಡಿವೈಸನ್ನು ಎಬ್ಬಿಸಲು ಇಲ್ಲಿ ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಕರೆದರೆ ಎರರ್ ಬರುತ್ತದೆ. ಇದನ್ನು ಗಮನಿಸದ ಡ್ರೈವರ್‌ಗಳು ಬಹಳ.

ಲೇಟ್ ಮುಗಿದ ಮೇಲೆ ಕರ್ನಲ್ ಎಲ್ಲ ಸಾಮಾನ್ಯ ಡಿವೈಸ್ ಇಂಟರಪ್ಟ್‌ಗಳನ್ನೂ ಒಟ್ಟಿಗೆ ನಿಲ್ಲಿಸಿ, ಓಡುತ್ತಿರುವ ಹ್ಯಾಂಡ್ಲರ್‌ಗಳು ಮುಗಿಯುವವರೆಗೆ ಕಾಯುತ್ತದೆ. ನಂತರವೇ ನೋಐಆರ್‌ಕ್ಯೂ ಕಾಲ್‌ಬ್ಯಾಕ್ (ಆ ಹಂತದಲ್ಲಿ ಕರ್ನಲ್ ಕರೆಯುವ ಡ್ರೈವರಿನ ಫಂಕ್ಷನ್). ಅಲ್ಲಿ ನಿಮ್ಮ ಹ್ಯಾಂಡ್ಲರ್ ಓಡುವುದಿಲ್ಲ ಎಂದು ಧೈರ್ಯವಾಗಿ ನಂಬಬಹುದು. ಲೈನ್ ಹಂಚಿಕೊಂಡ ಪಿಸಿಐ ಡಿವೈಸುಗಳ ಪವರ್ ಸ್ಥಿತಿಯನ್ನು ಪಿಸಿಐ ಕೋರ್ ಈ ಹಂತದಲ್ಲಿ ಬದಲಿಸುವುದು ಅದೇ ಕಾರಣಕ್ಕೆ. ಎಸ್3 ಆದರೆ ಮುಂದೆ ಬೂಟ್ ಸಿಪಿಯು ಬಿಟ್ಟು ಉಳಿದವನ್ನು ಆಫ್‌ಲೈನ್ ಮಾಡುತ್ತದೆ.

ಏಳುವಾಗ ಇದೆಲ್ಲ ಹಿಂದುಮುಂದಾಗಿ ನಡೆಯುತ್ತದೆ. ತಾಯಿ ಡಿವೈಸ್ (ಉಳಿದವು ತಗುಲಿಕೊಂಡಿರುವ ಬಸ್ ಅಥವಾ ಕಂಟ್ರೋಲರ್) ಮೊದಲು ಏಳುತ್ತದೆ, ಮಕ್ಕಳು ಆಮೇಲೆ.

ಸಸ್ಪೆಂಡ್ ಕಾಲ್‌ಬ್ಯಾಕ್‌ನಲ್ಲಿ ಕ್ಲಾಕ್ ಆಫ್ ಮಾಡ್ತೀನಿ. ಸಾವಿರದಲ್ಲಿ ಒಂದು ಸಲ ಕರ್ನಲ್ ಬೀಳುತ್ತೆ. ಎಲ್ಲಿ ನೋಡಲಿ?

ಕ್ರಮ ನೋಡಿ. ಮೊದಲು ಡಿವೈಸ್ ಇಂಟರಪ್ಟ್ ಹುಟ್ಟಿಸದ ಹಾಗೆ ಅದರ ಮಾಸ್ಕ್ ರಿಜಿಸ್ಟರಿಗೆ ಬರೆಯಬೇಕು. ಆ ಬರಹ ಡಿವೈಸಿಗೆ ತಲುಪಿದೆ ಎಂದು ಖಾತ್ರಿ ಮಾಡಲು ಅದೇ ರಿಜಿಸ್ಟರನ್ನು ಒಮ್ಮೆ ಓದಬೇಕು. ಬಸ್ಸಿನಲ್ಲಿ ಬರಹಗಳು ತಡವಾಗಿ ತಲುಪಬಹುದು. ಆಮೇಲೆ ಸಿಂಕ್ರೊನೈಸ್_ಐಆರ್‌ಕ್ಯೂ ಕರೆಯಬೇಕು. ಬೇರೆ ಸಿಪಿಯು ಮೇಲೆ ಹ್ಯಾಂಡ್ಲರ್ ಈಗಾಗಲೇ ಓಡುತ್ತಿದ್ದರೆ ಅದು ಮುಗಿಯುವವರೆಗೆ ಇದು ಕಾಯುತ್ತದೆ. ಹ್ಯಾಂಡ್ಲರ್ ವರ್ಕ್‌ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ಕೆಲಸ ಹಾಕಿದ್ದರೆ ಅದನ್ನೂ ಕ್ಯಾನ್ಸಲ್ ಮಾಡಿ ಕಾಯಬೇಕು. ಇಷ್ಟಾದ ಮೇಲೆ ಕ್ಲಾಕ್ ಆಫ್.

ಸಾವಿರದಲ್ಲಿ ಒಂದು ಸಲ ಬೀಳುವುದು ಸಾಮಾನ್ಯವಾಗಿ ನಡುವಿನ ಹೆಜ್ಜೆ ಬಿಟ್ಟಾಗ. ಮಾಸ್ಕ್ ಮಾಡಿದ್ದೀರಿ, ಆದರೆ ಹ್ಯಾಂಡ್ಲರ್ ಅದಕ್ಕೂ ಮುಂಚೆ ಶುರುವಾಗಿತ್ತು. ಅದು ಅರ್ಧ ದಾರಿಯಲ್ಲಿರುವಾಗ ನೀವು ಕ್ಲಾಕ್ ನಿಲ್ಲಿಸಿದಿರಿ. ಒಂದೇ ಸಿಪಿಯು ಇರುವ ಬೋರ್ಡಿನಲ್ಲಿ ಪರೀಕ್ಷೆ ಮಾಡಿದರೆ ಇದು ಕಾಣದೇ ಹೋಗಬಹುದು.

ಒಂದು ಎಚ್ಚರಿಕೆ. ಹ್ಯಾಂಡ್ಲರ್ ತಗೊಳ್ಳುವ ಲಾಕನ್ನೇ ಹಿಡಿದುಕೊಂಡು ಸಿಂಕ್ರೊನೈಸ್_ಐಆರ್‌ಕ್ಯೂ ಕರೆಯಬೇಡಿ. ಅದು ನಿಮಗಾಗಿ ಕಾಯುತ್ತದೆ, ನೀವು ಅದಕ್ಕಾಗಿ ಕಾಯುತ್ತೀರಿ, ಅಲ್ಲಿಗೆ ಡೆಡ್‌ಲಾಕ್.

ಡ್ರೈವರ್ ತೆಗೆಯುವಾಗ ಮಾತ್ರ ಕ್ರ್ಯಾಶ್ ಆಗುತ್ತೆ. ಡೆವ್‌ಎಂ ಬಳಸಿದ್ದೀನಿ, ಎಲ್ಲ ತಾನಾಗೇ ಕ್ಲೀನ್ ಆಗಬೇಕಲ್ವಾ?

ಡೆವ್‌ಎಂ ಅಂದರೆ ಡ್ರೈವರ್ ಪಡೆದದ್ದನ್ನು ಕರ್ನಲ್ ತಾನೇ ವಾಪಸ್ ಬಿಡುವ ವ್ಯವಸ್ಥೆ. ಕ್ಲೀನ್ ಆಗುತ್ತದೆ, ಆದರೆ ರಿಮೂವ್ ಫಂಕ್ಷನ್ ಮುಗಿದ ಮೇಲೆ. ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂ ಮೂಲಕ ಪಡೆದ ಇಂಟರಪ್ಟ್ ಆವರೆಗೆ ಜೀವಂತವಾಗಿರುತ್ತದೆ. ನೀವು ರಿಮೂವ್ ಒಳಗೆ ಕೈಯಾರೆ ಕ್ಲಾಕ್ ಆಫ್ ಮಾಡಿದ್ದರೆ, ಆ ಸಣ್ಣ ಸಂದಿಯಲ್ಲಿ ಬಂದ ಇಂಟರಪ್ಟ್ ಸತ್ತ ಡಿವೈಸಿನ ರಿಜಿಸ್ಟರ್ ಓದುತ್ತದೆ. ಎಲ್ಲವನ್ನೂ ಡೆವ್‌ಎಂ ಮೂಲಕ ಮಾಡಿ, ಪಡೆದ ಕ್ರಮಕ್ಕೆ ಉಲ್ಟಾ ಬಿಡುಗಡೆಯಾಗುತ್ತವೆ. ಇಲ್ಲವೇ ಕ್ಲಾಕ್ ಆಫ್ ಮಾಡುವ ಮುನ್ನ ಇಂಟರಪ್ಟನ್ನೂ ಕೈಯಾರೆ ಬಿಡಿ. ಅರ್ಧ ಅದು, ಅರ್ಧ ಇದು ಬೇಡ.

ಕರ್ನಲ್ ಕಟ್ಟುವಾಗ ಡೀಬಗ್_ಎಸ್‌ಎಚ್‌ಐಆರ್‌ಕ್ಯೂ ಆಯ್ಕೆ ಆನ್ ಮಾಡಿ. ಹಂಚಿಕೊಂಡ ಇಂಟರಪ್ಟನ್ನು ಬಿಡುವಾಗ ಅದು ಬೇಕೆಂದೇ ಹ್ಯಾಂಡ್ಲರನ್ನು ಒಮ್ಮೆ ಕರೆಯುತ್ತದೆ. ಈ ಜಾತಿಯ ಬಗ್ ನಿಮ್ಮ ಮೇಜಿನ ಮೇಲೇ ಸಿಕ್ಕಿಬೀಳುತ್ತದೆ.

ಹ್ಯಾಂಡ್ಲರ್ ಒಳಗೆ ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಕರೆದ್ರೆ ಬೈತಾ ಇದೆ. ಡಿವೈಸ್ ಎಬ್ಬಿಸೋದು ಹೇಗೆ?

2009ರ ಕೊನೆಗೆ 2.6.32ರಲ್ಲಿ ಬಂದ ರನ್‌ಟೈಮ್ ಪಿಎಂ, ಯಂತ್ರ ಎಚ್ಚರವಾಗಿರುವಾಗಲೇ ಕೆಲಸವಿಲ್ಲದ ಡಿವೈಸನ್ನು ಮಲಗಿಸುತ್ತದೆ. ಎಬ್ಬಿಸುವ ಕೆಲಸದಲ್ಲಿ ಕ್ಲಾಕ್, ರೆಗ್ಯುಲೇಟರ್, ಕಾಯುವಿಕೆ ಎಲ್ಲ ಇರುತ್ತದೆ. ಡಿ3 ಹಾಟ್‌ನಿಂದ ಎದ್ದ ಪಿಸಿಐ ಡಿವೈಸಿಗೇ 10 ಮಿಲಿಸೆಕೆಂಡ್ ಕೊಡಬೇಕು. ಹಾರ್ಡ್ ಇಂಟರಪ್ಟ್ ಒಳಗೆ ಹಾಗೆ ಕಾಯುವಂತಿಲ್ಲ. ಅದಕ್ಕೇ ಕರ್ನಲ್ ಬೈಯುವುದು.

ಮೊದಲು ಬೇರೆ ಪ್ರಶ್ನೆ ಕೇಳಿಕೊಳ್ಳಿ: ಮಲಗಿದ ಡಿವೈಸ್ ಇಂಟರಪ್ಟ್ ಕೊಟ್ಟಿದ್ದು ಹೇಗೆ? ಲೈನ್ ಹಂಚಿಕೆಯಾಗಿದ್ದರೆ ಅದು ನಿಮ್ಮದಲ್ಲ. ಡಿವೈಸ್ ಮಲಗಿದೆಯಾ ಎಂದು ನೋಡಿ, ಮಲಗಿದ್ದರೆ ರಿಜಿಸ್ಟರ್ ಮುಟ್ಟದೆ ಐಆರ್‌ಕ್ಯೂ_ನನ್ ಎಂದು ವಾಪಸ್ ಬನ್ನಿ. ಇಂಟೆಲ್ ಎಚ್‌ಡಿ ಆಡಿಯೊ ಡ್ರೈವರ್ ಇಂಥದ್ದೇ ಪರೀಕ್ಷೆ ಮಾಡುತ್ತದೆ. ರಿಜಿಸ್ಟರ್ ಓದಿದಾಗ ಎಲ್ಲ ಬಿಟ್‌ಗಳೂ 1 ಆಗಿ ಬಂದರೆ ಡಿವೈಸ್ ಅಲ್ಲಿಲ್ಲ ಎಂದು ತಿಳಿಯಿರಿ. ಪಿಸಿಐನಲ್ಲಿ ಉತ್ತರ ಕೊಡದ ಡಿವೈಸಿನ ಗುರುತು ಅದು. ಈ ಪರೀಕ್ಷೆ ಇಲ್ಲದ ಹ್ಯಾಂಡ್ಲರ್ "ಎಲ್ಲ ಇಂಟರಪ್ಟ್‌ಗಳೂ ಒಟ್ಟಿಗೆ ಬಂದಿವೆ" ಎಂದುಕೊಂಡು ಏನೇನೋ ಮಾಡುತ್ತದೆ.

ನಿಜಕ್ಕೂ ಎಬ್ಬಿಸಬೇಕಾದ ಇಂಟರಪ್ಟ್ ಆದರೆ ಥ್ರೆಡೆಡ್ ಹ್ಯಾಂಡ್ಲರ್ ಬಳಸಿ. ಥ್ರೆಡ್‌ನಲ್ಲಿ ಕಾಯಬಹುದು. ಪಿಎಂ_ರನ್‌ಟೈಮ್_ಐಆರ್‌ಕ್ಯೂ_ಸೇಫ್ ಎಂಬ ದಾರಿಯೂ ಇದೆ, ಆದರೆ ಅದಕ್ಕೆ ಬೆಲೆ ತೆರಬೇಕು: ತಾಯಿ ಡಿವೈಸ್ ಇನ್ನೆಂದೂ ರನ್‌ಟೈಮ್‌ನಲ್ಲಿ ಮಲಗುವುದಿಲ್ಲ. ಅನಿವಾರ್ಯವಾಗದ ಹೊರತು ಅದರ ತಂಟೆಗೆ ಹೋಗಬೇಡಿ.

ಡಿವೈಸ್ ಒಮ್ಮೆ ಎದ್ದರೆ ಮತ್ತೆ ಮಲಗೋದೇ ಇಲ್ಲ. ಕೌಂಟ್ ಸರಿಯಾಗೇ ಇದೆ ಅನ್ಸುತ್ತೆ.

ಎರರ್ ದಾರಿಗಳನ್ನು ನೋಡಿ. ಪಿಎಂ_ರನ್‌ಟೈಮ್_ಗೆಟ್_ಸಿಂಕ್ ವಿಫಲವಾದರೂ ಬಳಕೆಯ ಕೌಂಟನ್ನು (ಅದು ಸೊನ್ನೆಗಿಳಿದರೆ ಮಾತ್ರ ಡಿವೈಸ್ ಮಲಗುತ್ತದೆ) ಏರಿಸಿಯೇ ಬಿಟ್ಟಿರುತ್ತದೆ. ಎರರ್ ಬಂತು ಅಂತ ಸೀದಾ ರಿಟರ್ನ್ ಮಾಡಿದರೆ ಕೌಂಟ್ ಇಳಿಯುವುದೇ ಇಲ್ಲ. 5.10ರಲ್ಲಿ ಬಂದ ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ ವಿಫಲವಾದಾಗ ಕೌಂಟನ್ನು ತಾನೇ ಇಳಿಸುತ್ತದೆ. ಹೊಸ ಕೋಡ್‌ಗೆ ಅದನ್ನೇ ಬಳಸಿ.

ಇನೇಬಲ್_ಐಆರ್‌ಕ್ಯೂ_ವೇಕ್ ಮತ್ತು ನೋ_ಸಸ್ಪೆಂಡ್ ಫ್ಲ್ಯಾಗ್, ಯಾವುದು ಹಾಕಲಿ? ಎರಡೂ ಹಾಕಿದ್ರೆ ಸೇಫ್ ಅಲ್ವಾ?

ಎರಡೂ ಹಾಕಬೇಡಿ. ಅವು ಬೇರೆ ಬೇರೆ ಕೆಲಸಕ್ಕೆ ಇರುವವು.

ನೋ_ಸಸ್ಪೆಂಡ್ ಅಂದರೆ, ಸಸ್ಪೆಂಡ್ ನಡೆಯುವಾಗಲೂ ಈ ಹ್ಯಾಂಡ್ಲರ್ ಓಡುತ್ತಿರಲಿ ಎಂದು. ಟೈಮರ್‌ನಂಥ ಕೆಲವೇ ಕೆಲವಕ್ಕೆ ಇದು ಬೇಕು. ಇದರಿಂದ ಯಂತ್ರ ನಿದ್ದೆಯಿಂದ ಏಳುತ್ತದೆ ಎಂಬ ಖಾತ್ರಿ ಇಲ್ಲ. ಲೈನ್ ಹಂಚಿಕೊಂಡಿದ್ದರೆ ಪಕ್ಕದವರ ಹ್ಯಾಂಡ್ಲರ್ ಕೂಡ ಓಡುತ್ತದೆ, ಅವರ ಡಿವೈಸ್ ಮಲಗಿದ್ದರೂ ಸರಿ.

ಇನೇಬಲ್_ಐಆರ್‌ಕ್ಯೂ_ವೇಕ್ ಅಂದರೆ, ಈ ಇಂಟರಪ್ಟ್ ಯಂತ್ರವನ್ನು ಎಬ್ಬಿಸಲಿ ಎಂದು ಇಂಟರಪ್ಟ್ ಕಂಟ್ರೋಲರಿಗೆ ಹೇಳುವುದು. ಆಗ ಸಸ್ಪೆಂಡ್ ನಡುವೆ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ತಕ್ಷಣ ಓಡುವುದಿಲ್ಲ. ಕೋರ್ ಅದನ್ನು ಬಾಕಿ ಎಂದು ಗುರುತಿಟ್ಟು, ಸಸ್ಪೆಂಡ್ ರದ್ದು ಮಾಡಿ ಅಥವಾ ಯಂತ್ರವನ್ನು ಎಬ್ಬಿಸಿ, ಇಂಟರಪ್ಟ್‌ಗಳನ್ನು ಮತ್ತೆ ತೆರೆದ ಮೇಲೆ ಹ್ಯಾಂಡ್ಲರ್ ಓಡಿಸುತ್ತದೆ. ಪವರ್ ಬಟನ್, ಮುಚ್ಚಳದ ಸೆನ್ಸರ್, ಆರ್‌ಟಿಸಿ (ಯಂತ್ರ ಆಫ್ ಆದರೂ ಓಡುವ ಗಡಿಯಾರ) ಅಲಾರಂ, ಎಲ್ಲಕ್ಕೂ ಬೇಕಾದ್ದು ಇದೇ. ಬಳಕೆದಾರ ಅನುಮತಿಸಿದ್ದಾರೆಯೇ ಎಂದು ಡಿವೈಸ್_ಮೇ_ವೇಕಪ್ ಕೇಳಿ ನಂತರವೇ ಇದನ್ನು ಕರೆಯಿರಿ.

ಐ2ಸಿ ಟಚ್‌ಸ್ಕ್ರೀನ್ ರೆಸ್ಯೂಮ್ ಆಗುವಾಗ "ಟ್ರಾನ್ಸ್‌ಫರ್ ವೈಲ್ ಸಸ್ಪೆಂಡೆಡ್" ಅಂತ ಬರುತ್ತೆ. ನನ್ನ ರೆಸ್ಯೂಮ್ ಕೋಡ್ ಸರಿ ಇದೆ.

ನಿಮ್ಮ ರೆಸ್ಯೂಮ್ ಕೋಡ್ ಇನ್ನೂ ಓಡಿಯೇ ಇಲ್ಲ. ಓಡಿದ್ದು ಇಂಟರಪ್ಟ್ ಥ್ರೆಡ್. ನೋಐಆರ್‌ಕ್ಯೂ ರೆಸ್ಯೂಮ್ ಮುಗಿದ ಕೂಡಲೇ ಕರ್ನಲ್ ಎಲ್ಲ ಇಂಟರಪ್ಟ್‌ಗಳನ್ನೂ ತೆರೆಯುತ್ತದೆ. ಟಚ್‌ಸ್ಕ್ರೀನಿನ ಬಾಕಿ ಇಂಟರಪ್ಟ್ ಆಗಲೇ ಬರುತ್ತದೆ. ಅದರ ಥ್ರೆಡ್ ಐ2ಸಿ (ಸಣ್ಣ ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ಬಸ್) ಮೂಲಕ ಡೇಟಾ ಓದಲು ಹೋಗುತ್ತದೆ. ಆದರೆ ಐ2ಸಿ ಕಂಟ್ರೋಲರ್ ಏಳುವುದು ಅದಕ್ಕಿಂತ ನಂತರದ ಹಂತದಲ್ಲಿದ್ದರೆ ದಾರಿ ಇನ್ನೂ ಮುಚ್ಚಿರುತ್ತದೆ.

ಪರಿಹಾರ ಸರಳ. ನಿಮ್ಮ ಸಸ್ಪೆಂಡ್‌ನಲ್ಲಿ ಡಿಸೇಬಲ್_ಐಆರ್‌ಕ್ಯೂ, ರೆಸ್ಯೂಮ್‌ನಲ್ಲಿ ಇನೇಬಲ್_ಐಆರ್‌ಕ್ಯೂ ಕರೆಯಿರಿ. ಟಚ್‌ಸ್ಕ್ರೀನ್ ಐ2ಸಿ ಕಂಟ್ರೋಲರಿನ ಮಗು ಆದ್ದರಿಂದ ನಿಮ್ಮ ರೆಸ್ಯೂಮ್ ಬರುವ ಹೊತ್ತಿಗೆ ತಾಯಿ ಎದ್ದಿರುತ್ತದೆ. ಬಾಕಿ ಇಂಟರಪ್ಟ್ ಕಳೆದುಹೋಗುವುದಿಲ್ಲ, ತೆರೆದ ಮೇಲೆ ಬರುತ್ತದೆ.

ತಾಯಿ ಮಗು ಸಂಬಂಧ ಇಲ್ಲದ ಡಿವೈಸುಗಳ ನಡುವೆ ಇಂಥ ಅವಲಂಬನೆ ಇದ್ದರೆ ಡಿವೈಸ್ ಲಿಂಕ್ (ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಕರ್ನಲ್‌ಗೆ ಹೇಳುವ ಕೊಂಡಿ) ಹಾಕಿ. 2017ರಲ್ಲಿ ಬಂದ 4.10ರಿಂದ ಅದು ಇದೆ.

## ಇನ್ನೂ ಆಳಕ್ಕೆ ಇಳಿದವರು ಕೇಳುವುದು

ಸಸ್ಪೆಂಡ್ ಮಾಡೋಣ ಅಂತ ತೀರ್ಮಾನಿಸಿದ ಮೇಲೆ, ಮಲಗೋ ಮುಂಚೆ ಫೋನ್ ಕರೆ ಬಂದ್ರೆ? ಕರೆ ತಪ್ಪಿಹೋಗುತ್ತಾ?

ತಪ್ಪಿಹೋಗಬಾರದು. ಇದಕ್ಕೆ ಉತ್ತರ ಹುಡುಕಲು ಕರ್ನಲ್ ಸಮುದಾಯ ಬಹಳ ಜಗಳವಾಡಿದೆ. ಕೆಲಸ ಮುಗಿಯುವವರೆಗೆ ಫೋನ್ ಮಲಗದಂತೆ ತಡೆಯಲು ಆಂಡ್ರಾಯ್ಡ್ ವೇಕ್‌ಲಾಕ್ ಎಂಬ ವ್ಯವಸ್ಥೆ ಮಾಡಿಕೊಂಡಿತ್ತು. ಅದನ್ನು ಮುಖ್ಯ ಕರ್ನಲ್‌ಗೆ ಸೇರಿಸುವ ಬಗ್ಗೆ 2009, 2010ರಲ್ಲಿ ದೊಡ್ಡ ಚರ್ಚೆ ನಡೆಯಿತು. ಅದು ಹಾಗೇ ಸೇರಲಿಲ್ಲ. ಪವರ್ ಮ್ಯಾನೇಜ್‌ಮೆಂಟ್ ನೋಡಿಕೊಳ್ಳುವ ರಾಫೇಲ್ ವೈಸೋಕಿ ಬೇರೆ ದಾರಿ ತಂದರು. 2010ರ 2.6.36ರಲ್ಲಿ ವೇಕಪ್_ಕೌಂಟ್ ಬಂತು. 2012ರ 3.5ರಲ್ಲಿ ಆಟೋಸ್ಲೀಪ್ ಮತ್ತು ವೇಕ್‌ಲಾಕ್ ಥರದ ಫೈಲ್‌ಗಳೂ ಬಂದವು.

ಕೆಲಸ ಮಾಡುವುದು ಹೀಗೆ. ಮಲಗಿಸುವ ಪ್ರೋಗ್ರಾಂ ಮೊದಲು /ಸಿಸ್/ಪವರ್/ವೇಕಪ್_ಕೌಂಟ್ ಓದುತ್ತದೆ. ತನ್ನ ತಯಾರಿ ಮಾಡಿಕೊಂಡು, ಓದಿದ ಅದೇ ಸಂಖ್ಯೆಯನ್ನು ವಾಪಸ್ ಬರೆಯುತ್ತದೆ. ನಡುವೆ ಯಾವುದಾದರೂ ವೇಕಪ್ ಘಟನೆ ಆಗಿದ್ದರೆ ಸಂಖ್ಯೆ ಬದಲಾಗಿರುತ್ತದೆ, ಬರಹ ವಿಫಲವಾಗುತ್ತದೆ, ಮಲಗುವುದು ರದ್ದು. ಬರೆದ ನಂತರ ಘಟನೆ ಆದರೆ ಸಸ್ಪೆಂಡ್ ಅರ್ಧದಲ್ಲೇ ನಿಂತು ವಾಪಸ್ ಬರುತ್ತದೆ.

ಇಲ್ಲಿ ಡ್ರೈವರಿನ ಪಾಲು ದೊಡ್ಡದು. ಇಂಟರಪ್ಟ್ ಬಂದಾಗ ಪಿಎಂ_ಸ್ಟೇ_ಅವೇಕ್ ಅಥವಾ ಪಿಎಂ_ವೇಕಪ್_ಈವೆಂಟ್ ಕರೆದು "ಘಟನೆ ಇದೆ" ಎಂದು ಹೇಳಬೇಕು. ಡೇಟಾ ಮೇಲಿನ ಪ್ರೋಗ್ರಾಂಗೆ ತಲುಪುವವರೆಗೆ ಆ ಹಿಡಿತ ಬಿಡಬಾರದು. ಹ್ಯಾಂಡ್ಲರಿಗೂ ಪ್ರೋಗ್ರಾಂಗೂ ನಡುವೆ ಬಿಟ್ಟುಬಿಟ್ಟರೆ ಆ ಸಂದಿಯಲ್ಲೇ ಕರೆ ತಪ್ಪುತ್ತದೆ.

ಎಂಎಸ್‌ಐ ಇಂಟರಪ್ಟ್‌ನಲ್ಲಿ ಲೈನ್ ಇಲ್ಲವಲ್ಲ. ಡಿ3 ಕೋಲ್ಡ್‌ಗೆ ಹೋಗಿ ಬಂದ್ರೆ ಅದು ಹೇಗೆ ನೆನಪಿರುತ್ತೆ?

ಡಿವೈಸಿಗೆ ನೆನಪಿರುವುದಿಲ್ಲ. ಎಂಎಸ್‌ಐ ಅಂದರೆ ಡಿವೈಸ್ ಒಂದು ನಿಗದಿತ ವಿಳಾಸಕ್ಕೆ ನಿಗದಿತ ಸಂಖ್ಯೆಯನ್ನು ಬರೆಯುವುದು. ಆ ವಿಳಾಸ ಮತ್ತು ಸಂಖ್ಯೆ ಡಿವೈಸಿನೊಳಗೇ ಇರುತ್ತವೆ. ಎಂಎಸ್‌ಐನಲ್ಲಿ ಒಂದು ಡಿವೈಸಿಗೆ 32ರವರೆಗೆ, ಅದರ ವಿಸ್ತೃತ ರೂಪವಾದ ಎಂಎಸ್‌ಐ-ಎಕ್ಸ್‌ನಲ್ಲಿ 2048ರವರೆಗೆ ಇಂಟರಪ್ಟ್ ಇಟ್ಟುಕೊಳ್ಳಬಹುದು. ಕರೆಂಟ್ ಹೋದರೆ ಎಲ್ಲ ಅಳಿಸಿಹೋಗುತ್ತದೆ. ಕರ್ನಲ್ ತನ್ನ ಬಳಿ ಒಂದು ಪ್ರತಿ ಇಟ್ಟುಕೊಂಡಿರುತ್ತದೆ. ಪಿಸಿಐ_ರೀಸ್ಟೋರ್_ಸ್ಟೇಟ್ ಅದನ್ನು ಮತ್ತೆ ಬರೆಯುತ್ತದೆ. ಪಿಸಿಐ ಕೋರ್ ಇದನ್ನು ತಾನೇ ಮಾಡುತ್ತದೆ. ನಿಮ್ಮ ಕೆಲಸ ಇಷ್ಟೇ: ಅದಕ್ಕೂ ಮುಂಚೆ ಡಿವೈಸಿನ ಇಂಟರಪ್ಟ್ ಮಾಸ್ಕ್ ತೆರೆಯದಿರುವುದು.

ಪ್ಯಾಕೆಟ್ ಒಮ್ಮೊಮ್ಮೆ ತಡವಾಗಿ ಸಿಗುತ್ತೆ. ಲೋಡ್ ಜಾಸ್ತಿ ಇದ್ದಾಗ ಚೆನ್ನಾಗಿದೆ, ಕಡಿಮೆ ಇದ್ದಾಗಲೇ ತೊಂದರೆ. ವಿಚಿತ್ರ ಅಲ್ವಾ?

ವಿಚಿತ್ರವಲ್ಲ. ಲೋಡ್ ಕಡಿಮೆ ಇದ್ದಾಗ ಸಿಪಿಯು ಆಳವಾದ ಐಡಲ್‌ಗೆ ಇಳಿದಿರುತ್ತದೆ. ಆಳ ಜಾಸ್ತಿಯಾದಷ್ಟೂ ಏಳುವ ಸಮಯ ಜಾಸ್ತಿ. ಇಂಟರಪ್ಟ್ ಬಂದ ಮೇಲೆ ಸಿಪಿಯು ಎದ್ದು ಹ್ಯಾಂಡ್ಲರಿಗೆ ಬರುವವರೆಗಿನ ಸಮಯ ನಿಮ್ಮ ಪ್ಯಾಕೆಟ್‌ಗೆ ಸೇರಿಕೊಳ್ಳುತ್ತದೆ.

/ಡೆವ್/ಸಿಪಿಯು_ಡಿಎಂಎ_ಲೇಟೆನ್ಸಿ ತೆರೆದು, ತಡೆದುಕೊಳ್ಳಬಹುದಾದ ವಿಳಂಬವನ್ನು ಮೈಕ್ರೊಸೆಕೆಂಡಿನಲ್ಲಿ ಬರೆಯಿರಿ. ಫೈಲನ್ನು ತೆರೆದೇ ಇಟ್ಟಿರಬೇಕು, ಮುಚ್ಚಿದರೆ ಕೋರಿಕೆ ರದ್ದಾಗುತ್ತದೆ. ಸೊನ್ನೆ ಬರೆದರೆ ಸಿಪಿಯು ಮಲಗುವುದೇ ಇಲ್ಲ, ಕರೆಂಟ್ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ನಿಜವಾಗಿ ಬೇಕಾದಷ್ಟೇ ಬರೆಯಿರಿ.

ರಿಯಲ್‌ಟೈಮ್ ಕರ್ನಲ್‌ನಲ್ಲಿ ನನ್ನ ಹಳೆ ಹ್ಯಾಂಡ್ಲರ್ ಓಡುತ್ತಾ?

ಹೆಚ್ಚಾಗಿ ಓಡುತ್ತದೆ. 2024ರ 6.12ರಿಂದ ಪ್ರಿಎಂಪ್ಟ್ ಆರ್‌ಟಿ (ಕರ್ನಲನ್ನು ರಿಯಲ್‌ಟೈಮ್ ಮಾಡುವ ಆಯ್ಕೆ) ಮುಖ್ಯ ಕರ್ನಲ್‌ನಲ್ಲೇ ಸಿಗುತ್ತದೆ. ಅದರಲ್ಲಿ ಬಹುತೇಕ ಹ್ಯಾಂಡ್ಲರ್‌ಗಳು ಥ್ರೆಡ್‌ಗಳಾಗಿ ಓಡುತ್ತವೆ, ಅವಕ್ಕೆ ಪ್ರಯಾರಿಟಿ ಕೊಡಬಹುದು. "ಹ್ಯಾಂಡ್ಲರ್ ಓಡುವಾಗ ಈ ಸಿಪಿಯು ಮೇಲೆ ಬೇರೆ ಯಾರೂ ಇಲ್ಲ" ಎಂದು ನಂಬಿ ಬರೆದ ಕೋಡ್ ಇದ್ದರೆ ಅದು ಇಲ್ಲಿ ಒಡೆಯುತ್ತದೆ. ಆರ್‌ಟಿ ಇಲ್ಲದ ಕರ್ನಲ್‌ನಲ್ಲೂ ಥ್ರೆಡ್‌ಐಆರ್‌ಕ್ಯೂಸ್ ಎಂಬ ಬೂಟ್ ಆಯ್ಕೆ ಕೊಟ್ಟು ಮೊದಲೇ ಪರೀಕ್ಷಿಸಿ.

ಸಸ್ಪೆಂಡ್ ಆದ ಮೇಲೆ ಯಂತ್ರ ಏಳೋದೇ ಇಲ್ಲ. ಸ್ಕ್ರೀನ್ ಇಲ್ಲ, ಲಾಗ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ನಿಜವಾಗಿ ಮಲಗಿಸದೆಯೇ ಪರೀಕ್ಷೆ ಮಾಡಬಹುದು. /ಸಿಸ್/ಪವರ್/ಪಿಎಂ_ಟೆಸ್ಟ್ ಫೈಲಿಗೆ ಕ್ರಮವಾಗಿ ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಎಂದು ಒಂದೊಂದೇ ಬರೆದು ಸಸ್ಪೆಂಡ್ ಮಾಡಿ. ಕರ್ನಲ್ ಆ ಹಂತದವರೆಗೆ ಮಾತ್ರ ಹೋಗಿ, 5 ಸೆಕೆಂಡ್ ನಿಂತು, ವಾಪಸ್ ಬರುತ್ತದೆ. ಯಾವ ಹಂತದಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ತೊಂದರೆ. ಫ್ರೀಜರ್ ದಾಟಿ ಡಿವೈಸಸ್‌ನಲ್ಲಿ ನಿಂತರೆ ಅದು ಯಾವುದೋ ಡ್ರೈವರಿನ ಸಸ್ಪೆಂಡ್ ಅಥವಾ ರೆಸ್ಯೂಮ್. ಡ್ರೈವರ್‌ಗಳನ್ನು ಅರ್ಧರ್ಧ ತೆಗೆದು ನೋಡುತ್ತಾ ಹೋದರೆ ಬೇಗ ಸಿಗುತ್ತದೆ.

ಬೂಟ್ ಆಯ್ಕೆಯಲ್ಲಿ ನೋ_ಕನ್ಸೋಲ್_ಸಸ್ಪೆಂಡ್ ಕೊಟ್ಟರೆ ಕೊನೆಯವರೆಗೂ ಸಂದೇಶಗಳು ಹೊರಬರುತ್ತವೆ. ಬೋರ್ಡಿನಲ್ಲಿ ಸೀರಿಯಲ್ ಕೇಬಲ್ ಇದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಪಿಎಂ_ಪ್ರಿಂಟ್_ಟೈಮ್ಸ್ ಆನ್ ಮಾಡಿದರೆ ಒಂದೊಂದು ಡಿವೈಸೂ ಎಷ್ಟು ಹೊತ್ತು ತಗೊಂಡಿತು ಎಂದು ಕಾಣುತ್ತದೆ.

ಎಲ್ಲವೂ ಸೋತರೆ ಪಿಸಿಗಳಲ್ಲಿ ಪಿಎಂ_ಟ್ರೇಸ್ ಇದೆ. ಅದು ಎಲ್ಲಿಯವರೆಗೆ ಬಂತು ಎಂಬ ಗುರುತನ್ನು ಆರ್‌ಟಿಸಿ ಗಡಿಯಾರದಲ್ಲೇ ಬರೆದಿಡುತ್ತದೆ. ರೀಬೂಟ್ ಆದ ಮೇಲೆ ಕರ್ನಲ್ ಅದನ್ನು ಓದಿ, ಹೊಂದುವ ಡಿವೈಸಿನ ಹೆಸರು ಹೇಳುತ್ತದೆ. ಯಂತ್ರದ ದಿನಾಂಕ, ಸಮಯ ಮಾತ್ರ ಎಲ್ಲೋ ಹೋಗಿರುತ್ತದೆ, ಪರೀಕ್ಷೆ ಮುಗಿದ ಮೇಲೆ ಸರಿಮಾಡಿಕೊಳ್ಳಿ.